ಮುರಿದ ಪಕ್ಕೆಲುಬು, ಎರಡು ಕಿಲೋ ಡಿಸ್ಕಸ್

ಅಕ್ಕನಿಗೆ ಎಡಗಿವಿ ಕೇಳುವುದಿಲ್ಲ. ಒಂದು ಬೆಳಿಗ್ಗೆ ಚಹಾ ಆರಿಹೋಗಿದೆ ಎಂಬ ಕಾರಣಕ್ಕೆ ಭಾವ ಅಂಗೈ ಬಿಚ್ಚಿ ಹೊಡೆದ ಏಟಿಗೆ ಕಿವಿಯ ತಮಟೆ ಹರಿಯಿತು. ರಕ್ತ ಬಂದದ್ದು ಸ್ವಲ್ಪವೇ. ಅದನ್ನು ಸೆರಗಿನ ತುದಿಯಿಂದ ಒತ್ತಿ ಹಿಡಿದುಕೊಂಡೇ ಅವಳು ಪುಣೆ ಹೊರವಲಯದ ಚಾಕಣದ ಕಾರ್ಖಾನೆಯ ಪಾಳಿಗೆ ಹೋದಳು. ಅಲ್ಲಿ ಅವಳದು ಕಾರಿನ ಬಿಡಿಭಾಗಗಳನ್ನು ಒತ್ತುವ ಪ್ರೆಸ್ ಯಂತ್ರದ ಮುಂದೆ ನಿಲ್ಲುವ ಕೆಲಸ. ಯಂತ್ರದ ಸದ್ದಿಗೆ ಕಿವಿ ಹೋಯಿತೆಂದು ಎಲ್ಲರಿಗೂ ಹೇಳಿಕೊಂಡಳು. ನನಗೂ ಹಾಗೆಯೇ ಹೇಳಿದಳು. ನಿಜ ಗೊತ್ತಾದದ್ದು ಆಮೇಲೆ, ಅವ್ವನ ಬಾಯಿಂದ.

ನಾವು ಯಾದಗಿರಿ ಕಡೆಯವರು. ಅಪ್ಪ, ಅವ್ವ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದಾಗ ಅಕ್ಕ ನಡೆಯುತ್ತಿದ್ದಳು, ನಾನು ಅವ್ವನ ಕಂಕುಳಲ್ಲಿದ್ದೆ. ಅಪ್ಪನ ಕೈಯೂ ಕಡಿಮೆಯದಲ್ಲ. ಸಲಿಕೆಯ ಕಾವು, ಸಿಮೆಂಟಿಗೆ ನೀರು ಬಿಡುವ ರಬ್ಬರ್ ಪೈಪು, ಕೈಗೆ ಸಿಕ್ಕಿದ್ದರಿಂದ ಹೊಡೆಯುತ್ತಿದ್ದ. ಅಂಥ ಹೊತ್ತಿನಲ್ಲಿ ಅಕ್ಕ ನನ್ನನ್ನು ತಗಡಿನ ಬಾಗಿಲಿನಿಂದ ಆಚೆ ನೂಕಿ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದಳು. ನನಗೆ ಬೀಳಬೇಕಾದದ್ದು ಅವಳಿಗೆ ಬೀಳುತ್ತಿತ್ತು. ಕುಡಿದು ಕುಡಿದು ಅಪ್ಪ ಸತ್ತ. ಸತ್ತ ದಿನ ನಾವು ಮೂವರೂ ಅತ್ತದ್ದು ನಿಜ. ಆದರೆ ಆ ರಾತ್ರಿ ಎಲ್ಲರಿಗೂ ಚೆನ್ನಾಗಿ ನಿದ್ದೆ ಬಂದದ್ದೂ ನಿಜ.

ನನ್ನ ಕೈಗಳು ಉದ್ದ. ಸೇನೆಗೆ ಸೇರಿದ ಮೇಲೆ ಅದನ್ನು ಗಮನಿಸಿದವರು ಒಬ್ಬ ಸುಬೇದಾರರು. ಬೆಳಗಾವಿ ಕಡೆಯವರು, ಒಂದು ಕಾಲದಲ್ಲಿ ತಾವೂ ಡಿಸ್ಕಸ್ ಎಸೆಯುತ್ತಿದ್ದವರು. ಅವರೇ ನನ್ನನ್ನು ಪುಣೆಯ ತರಬೇತಿಗೆ ಕರೆಸಿಕೊಂಡರು. ದೇಹೂ ರೋಡಿನಲ್ಲಿ ಕ್ವಾರ್ಟರ್ಸ್ ಸಿಕ್ಕಿತು, ಅವ್ವ ನನ್ನ ಜೊತೆ ಬಂದಳು. ನಾನು ಮಾಡುವ ಕೆಲಸ ಏನೆಂದು ಅಕ್ಕಪಕ್ಕದವರು ಕೇಳಿದರೆ ಅವ್ವ, "ಗಂಗಾಳ ಒಗಿತಾನ್ರಿ, ಸರಕಾರದ ಗಂಗಾಳ" ಎನ್ನುತ್ತಿದ್ದಳು.

ಅದು ಊಟದ ಗಂಗಾಳದ ಆಕಾರದ್ದೇ. ಆದರೆ ಎರಡು ಕಿಲೋ ತೂಕ, ಅಂಚಿಗೆ ಉಕ್ಕಿನ ಪಟ್ಟಿ. ನಾಲ್ಕು ಬೆರಳಿನ ತುದಿಗೆಣ್ಣುಗಳಷ್ಟೇ ಆ ಅಂಚನ್ನು ಹಿಡಿದಿರುತ್ತವೆ. ಸಿಮೆಂಟಿನ ವೃತ್ತದೊಳಗೆ ಒಂದೂವರೆ ಸುತ್ತು ತಿರುಗಿ ಬಿಡುವಾಗ ತೋರುಬೆರಳಿನ ಚರ್ಮ ಸುಲಿಯುತ್ತದೆ, ಸೊಂಟದಿಂದ ಭುಜದವರೆಗೆ ಏನೋ ಹರಿದಂತಾಗುತ್ತದೆ. ಸುಬೇದಾರರ ಪಾಠ ಒಂದೇ.

"ಬೀಳೂ ಜಾಗಾದಾಗ ಒಂದ ಮಾರಿ ಇಟ್ಕೊ. ನಿನಗ ಯಾರನ್ನ ಕಂಡ್ರ ರಕ್ತ ಕುದಿತೈತಿ, ಅವನ ಮಾರಿ. ಹುಲ್ಲಿಗೆ ಒಗದ್ರ ದೂರ ಹೋಗೂದಿಲ್ಲ ಅದು."

ನಮ್ಮಲ್ಲಿ ಎಸೆಯುವ ಪ್ರತಿಯೊಬ್ಬನ ಬಳಿಯೂ ಒಂದೊಂದು ಮುಖ ಇತ್ತು. ಯಾರೂ ಯಾರಿಗೂ ಹೇಳುತ್ತಿರಲಿಲ್ಲ. ಮೊದಮೊದಲು ನನ್ನದು ಅಪ್ಪನದಾಗಿತ್ತು. ಕಿವಿಯ ಸಂಗತಿ ತಿಳಿದ ಮೇಲೆ ಅಲ್ಲಿ ಭಾವ ಬಂದು ಕೂತ. ಅಂದಿನಿಂದ ನನ್ನ ಎಸೆತ ಉದ್ದವಾಗುತ್ತಾ ಹೋಯಿತು.

ಒಂದು ದಿನ ನಾನು ಡಿಸ್ಕಸ್ ಬಿಟ್ಟ ಕ್ಷಣದಲ್ಲೇ ಬೀದಿನಾಯಿಯೊಂದು ಬೇಲಿ ನುಸುಳಿ ಮೈದಾನಕ್ಕೆ ಓಡಿ ಬಂತು. ಎಲ್ಲರೂ ಕೂಗಿದೆವು. ಡಿಸ್ಕಸ್ ಅದರ ಬೆನ್ನುಮೂಳೆಗೆ ಬಡಿಯಿತು. ಅದು ಕೂಗಲೇ ಇಲ್ಲ. ಅಡ್ಡಬಿದ್ದ ಮೇಲೂ ಸ್ವಲ್ಪ ಹೊತ್ತು ಹಿಂಗಾಲುಗಳು ಮಾತ್ರ ಓಡುತ್ತಲೇ ಇದ್ದವು. ಸುಬೇದಾರರು ಹೋಗಿ ಡಿಸ್ಕಸ್ ಎತ್ತಿ ಹುಲ್ಲಿಗೆ ಒರೆಸಿ ತಂದು ನನ್ನ ಕೈಗಿಟ್ಟು, "ಮುಂದಿಂದು ಒಗಿ" ಎಂದರು. ನಾನು ಎಸೆದೆ. ಆದರೆ ಆ ರಾತ್ರಿ ಊಟಕ್ಕೆ ಕೂತಾಗ ನನ್ನ ಬಲಗೈಯನ್ನೇ ನೋಡುತ್ತಿದ್ದೆ.

ಭಾವನೂ ನಮ್ಮ ಕಡೆಯವನೇ. ಚಾಕಣದಲ್ಲಿ ಕಟ್ಟಡಗಳಿಗೆ ಆಳುಗಳನ್ನು ಒದಗಿಸುವ ಮುಕಾದಮ. ಮಂದಿಯ ಎದುರು ಅವನಷ್ಟು ಸವಿ ಮಾತಿನವರು ಇಲ್ಲ. ಅವ್ವನನ್ನು ಕಂಡರೆ ಕಾಲು ಮುಟ್ಟಿ ನಮಸ್ಕರಿಸುತ್ತಿದ್ದ. ಬಾಗಿಲು ಹಾಕಿದ ಮೇಲೆ ಬೇರೆ ಮನುಷ್ಯ. ಅಕ್ಕನ ಮುಂಗೈ ಮೇಲೆ ಬೀಡಿಯ ಗುರುತುಗಳಿದ್ದವು. ಬೆನ್ನ ಮೇಲೆ ಏನಿತ್ತೋ, ಅವ್ವ ನೋಡಿದ್ದಳು, ನನಗೆ ತೋರಿಸಲಿಲ್ಲ.

ಒಮ್ಮೆ ನಾನು ಸುಬೇದಾರರ ಮುಂದೆ ನಿಂತು, "ಸಾಹೇಬ್ರ, ಎರಡು ದಿನ ರಜಾ ಕೊಡ್ರಿ. ಅವನ ಕಾಲು ಮುರದು ಬರ್ತೀನಿ" ಎಂದೆ.

ಅವರು ನನ್ನ ಬಲ ಮುಂಗೈಯನ್ನು ಗಟ್ಟಿಯಾಗಿ ಹಿಡಿದು ತಿರುಚಿದರು. ಕಣ್ಣಲ್ಲಿ ನೀರು ಬರುವವರೆಗೂ ಬಿಡಲಿಲ್ಲ.

"ಈ ಕೈ ನಿಂದಲ್ಲಲೇ. ಊರ ಮಂದಿ ಮ್ಯಾಲ ಎತ್ತಿದ್ರ ಜೇಲಿಗೆ ಹೊಕ್ಕೀ, ನೌಕರಿನೂ ಹೋಗತೈತಿ. ಆಮ್ಯಾಲ ನಿಮ್ಮಕ್ಕನ್ನ ನೋಡಾಕ ಯಾರದಾರ? ಕೋರ್ಟಿಗೆ ಹೋಗ್ರಿ."

ಮುಂದೆ ಒಂದು ದಿನ ಅಕ್ಕ ಪಾಳಿ ಮುಗಿಸಿ ಮನೆಗೆ ಹೋಗದೆ, ಕಾರ್ಖಾನೆಯ ಬಟ್ಟೆಯಲ್ಲೇ ಬಸ್ಸು ಹತ್ತಿ ದೇಹೂ ರೋಡಿಗೆ ಬಂದುಬಿಟ್ಟಳು. ತುಟಿ ಒಡೆದಿತ್ತು. ಅವ್ವ ಬಿಸಿನೀರು ಕಾಯಿಸಿದಳು. ಅಲ್ಲಿಂದ ಅವಳು ವಾಪಸು ಹೋಗಲಿಲ್ಲ. ಪುಣೆಯ ಶಿವಾಜಿನಗರದ ಕೋರ್ಟಿನಲ್ಲಿ ವಿಚ್ಛೇದನಕ್ಕೆ ಅರ್ಜಿ ಹಾಕಿದೆವು. ಭಾವ ಫೋನ್ ಮಾಡಿ ಅವ್ವನಿಗೆ, "ನಿಮ್ಮ ಮಗಳನ್ನ ಬಿಡ್ತೀನ್ರಿ, ಆದ್ರ ಇಡಿಯಾಗಿ ಬಿಡಂಗಿಲ್ಲ" ಎಂದಿದ್ದ. ಅದೇ ಸವಿ ದನಿಯಲ್ಲಿ.

ಆ ವರ್ಷ ಬೇರೆ ಬೇರೆ ದೇಶಗಳ ಸೈನಿಕರ ಅಥ್ಲೆಟಿಕ್ಸ್ ಕೂಟ ಪುಣೆಯಲ್ಲೇ ನಡೆಯುವುದಿತ್ತು. ಡಿಸ್ಕಸ್‌ಗೆ ನಾನು ಆಯ್ಕೆಯಾಗಿದ್ದೆ. ಕೂಟ ಶುರುವಾಗುವ ವಾರದಲ್ಲೇ ಕೋರ್ಟಿನ ತಾರೀಖು ಬಂತು. ಅಕ್ಕನನ್ನು ಒಬ್ಬಳನ್ನೇ ಕಳಿಸಲು ಮನಸ್ಸಾಗಲಿಲ್ಲ. ಸುಬೇದಾರರು ಅರ್ಧ ದಿನದ ರಜೆ ಕೊಟ್ಟು, "ಮಧ್ಯಾಹ್ನ ಊಟಕ್ಕ ಇಲ್ಲಿರಬೇಕ ನೀ" ಎಂದರು.

ಅಂದು ವಿಚಾರಣೆ ಮುಂದಕ್ಕೆ ಹೋಯಿತು. ಭಾವ ಒಳಗೆ ಬರಲೇ ಇಲ್ಲ. ನಾವಿಬ್ಬರೂ ಬಸ್ ಸ್ಟ್ಯಾಂಡಿನತ್ತ ನಡೆದು ಹೊರಟೆವು. ಬಿಸಿಲು ಏರಿತ್ತು. ಆಟೋಗಳು ಸಾಲಾಗಿ ನಿಂತಿದ್ದವು. ಫುಟ್‌ಪಾತ್ ಅಗೆದು ಸಿಮೆಂಟಿನ ಕಲ್ಲುಗಳನ್ನು ಒಟ್ಟಿದ್ದರಿಂದ ರಸ್ತೆಯಲ್ಲೇ ನಡೆಯಬೇಕಾಗಿತ್ತು. ನಾನು ಅಕ್ಕನ ಬಲಗಡೆ ಇದ್ದೆ, ನನ್ನ ಮಾತು ಅವಳಿಗೆ ಕೇಳಲೆಂದು. ಭಾವ ಬಂದದ್ದು ಎಡಗಡೆಯಿಂದ. ಅವಳಿಗೆ ಹೆಜ್ಜೆಯ ಸದ್ದು ಕೇಳಲಿಲ್ಲ.

ಸಿಮೆಂಟ್ ಚೀಲದಲ್ಲಿ ಸುತ್ತಿಕೊಂಡಿದ್ದ ಕೊಯ್ತಾವನ್ನು ಅವನು ಎಳೆದು ತೆಗೆದದ್ದು ನನ್ನ ಕಣ್ಣಂಚಿಗೆ ಕಂಡಿತು. ಕಬ್ಬು ಕಡಿಯುವ, ತುದಿ ಬಾಗಿದ ಕತ್ತಿ. ನಾನು ಅಕ್ಕನನ್ನು ಹಿಂದಕ್ಕೆಳೆದು ಎಡಗೈ ಚಾಚಿದೆ. ಅವಳ ಕುತ್ತಿಗೆಗೆ ಬೀಸಿದ್ದು ನನ್ನ ಅಂಗೈಗೆ ಬಿತ್ತು. ನೋವಾಗಲಿಲ್ಲ, ತಣ್ಣಗಾಯಿತು. ಹೆಬ್ಬೆರಳಿನ ಬುಡದಿಂದ ಕಿರುಬೆರಳಿನವರೆಗೆ ಅಂಗೈ ಬಾಯಿ ಬಿಟ್ಟಿತು. ಅವನು ಎರಡನೆಯ ಸಲ ಎತ್ತುವುದರೊಳಗೆ ಭುಜದಿಂದ ಅವನ ಎದೆಗೆ ನುಗ್ಗಿದೆ. ಇಬ್ಬರೂ ಒಂದು ಆಟೋಗೆ ಬಡಿದೆವು. ಕೊಯ್ತಾ ಠಣಠಣ ಎನ್ನುತ್ತ ರಸ್ತೆಗೆ ಬಿತ್ತು. ಅವನು ಅಂಗಾತ ಬಿದ್ದ.

ನನ್ನ ಬಲಗೈ ಮುಷ್ಟಿಯಾಗಿ ಮೇಲೆದ್ದಿತ್ತು. ಅಷ್ಟು ವರ್ಷ ದಿನವೂ ಹುಲ್ಲಿನ ಮೇಲೆ ಇಟ್ಟುಕೊಂಡಿದ್ದ ಮುಖ ಈಗ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ನಾನು ಹೊಡೆಯುತ್ತಿದ್ದೆನೋ ಇಲ್ಲವೋ, ಇವತ್ತಿಗೂ ಹೇಳಲಾರೆ. ಹೊಡೆಯುವ ಸರದಿ ನನಗೆ ಬರಲೇ ಇಲ್ಲ.

"ಕೊಯ್ತಾ ಆಹೇ! ಕೊಯ್ತಾ!" ಎಂದು ಯಾರೋ ಮರಾಠಿಯಲ್ಲಿ ಕೂಗಿದರು. ಆ ದಿನಗಳಲ್ಲಿ ಕೊಯ್ತಾ ಹಿಡಿದು ಗಲ್ಲಿಗಳಲ್ಲಿ ಮಂದಿಯನ್ನು ಕಡಿಯುವ ಗುಂಪುಗಳ ಸುದ್ದಿಯೇ ಊರ ತುಂಬ. ಎಲ್ಲರೊಳಗೂ ಹೆದರಿಕೆ ತುಂಬಿತ್ತು, ಸಿಟ್ಟೂ ತುಂಬಿತ್ತು. ಅದು ಒಂದೇ ಸಲಕ್ಕೆ ಹೊರಗೆ ಬಂತು. ಆಟೋದವರು ಇಳಿದರು, ಹಣ್ಣು ಮಾರುವವರು ಬಂದರು, ಬಸ್ಸಿಗೆ ಕಾದಿದ್ದ ಇಸ್ತ್ರಿ ಅಂಗಿಯವರೂ ಬಂದರು. ಮೊದಲು ಚಪ್ಪಲಿ, ಆಮೇಲೆ ಬೂಟು. ಒಬ್ಬ ಹೆಲ್ಮೆಟ್ಟಿನಿಂದ ಅವನ ಬಾಯಿಗೆ ಬಾರಿಸಿದ. ಹಲ್ಲು ಮುರಿದ ಸದ್ದು ನನಗೆ ಕೇಳಿಸಿತು. ಅವನು ಮಗ್ಗುಲಾಗಿ ಮೊಣಕಾಲುಗಳನ್ನು ಹೊಟ್ಟೆಗೆ ಎಳೆದುಕೊಂಡ. ಒದೆಯುವವರ ಮುಖಗಳನ್ನು ನೋಡಿದೆ. ಯಾರಿಗೂ ಅವನು ಯಾರೆಂದು ಗೊತ್ತಿರಲಿಲ್ಲ. ಇಬ್ಬರು ಫೋನಿನಲ್ಲಿ ಚಿತ್ರ ಹಿಡಿಯುತ್ತಿದ್ದರು.

ಆಗ ಒಬ್ಬ ದಪ್ಪನೆಯ ಮನುಷ್ಯ ಒಟ್ಟಿದ್ದ ರಾಶಿಯಿಂದ ಸಿಮೆಂಟಿನ ಕಲ್ಲೊಂದನ್ನು ಎರಡು ಕೈಯಲ್ಲಿ ತಲೆಯ ಮೇಲಕ್ಕೆತ್ತಿದ. ಭಾವನ ತಲೆ ಅವನ ಕಾಲ ಬುಡದಲ್ಲೇ ಇತ್ತು. ಸತ್ತ ನಾಯಿಯ ಹಿಂಗಾಲು ನನ್ನ ಕಣ್ಣ ಮುಂದೆ ಬಂತು. ನಾನು ಭಾವನ ಮೇಲೆ ಬೋರಲಾಗಿ ಬಿದ್ದೆ.

ಕಲ್ಲು ನನ್ನ ಎಡ ಪಕ್ಕೆಗೆ ಬಿತ್ತು. ಒಳಗೆ ಒಣಕಟ್ಟಿಗೆ ಲಟಕ್ಕೆಂದ ಹಾಗಾಯಿತು. ಉಸಿರು ನಿಂತುಹೋಯಿತು. ಒದೆಗಳು ನಿಲ್ಲಲಿಲ್ಲ. ಈಗ ನನ್ನ ಬೆನ್ನಿಗೆ, ಸೊಂಟಕ್ಕೆ ಬೀಳುತ್ತಿದ್ದವು. ಗದ್ದಲದೊಳಗಿಂದ ಅಕ್ಕನ ದನಿ ಬೇರೆಯಾಗಿ ಕೇಳಿತು.

"ಏಳೋ! ಬಿಡು ಅವನ್ನ! ಹೊಡೀಲಿ, ಸಾಯ್ಲಿ ಅಂವ! ಏಳೋ ತಮ್ಮಾ!"

ಕೆಳಗಿನಿಂದ ಇನ್ನೊಂದು ದನಿ ಬಂತು. ರಕ್ತದ ಬಾಯಿ ನನ್ನ ಕಿವಿಗೆ ತಾಗುತ್ತಿತ್ತು. "ಏಳಬ್ಯಾಡ," ಎನ್ನುತ್ತಿದ್ದ ಅವನು. "ಏಳಬ್ಯಾಡೋ, ನಿನ್ನ ಕಾಲಿಗಿ ಬೀಳ್ತೀನಿ, ಏಳಬ್ಯಾಡ." ಅವನ ಎರಡೂ ಕೈಗಳು ನನ್ನ ಅಂಗಿಯನ್ನು ಗಟ್ಟಿಯಾಗಿ ಹಿಡಿದಿದ್ದವು. ಅವನು ನಡುಗುತ್ತಿದ್ದದ್ದು ನನ್ನ ಹೊಟ್ಟೆಗೆ ತಿಳಿಯುತ್ತಿತ್ತು. ಅವನ ಬಗ್ಗೆ ಕರುಣೆ ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅಸಹ್ಯ ಬಂತು. ಆದರೂ ಏಳಲಿಲ್ಲ.

ಕೋರ್ಟಿನ ಗೇಟಿನಿಂದ ಪೊಲೀಸರು ಓಡಿ ಬಂದು ಲಾಠಿ ಬೀಸಿದ ಮೇಲೆ ಮಂದಿ ಚೆದುರಿದರು. ಬಂದಷ್ಟೇ ಬೇಗ ಹೋದರು. ಕಲ್ಲೆತ್ತಿದವನು ಕೈ ಜಾಡಿಸಿಕೊಂಡು ಬಸ್ಸು ಹತ್ತಿದ್ದನ್ನು ನಾನು ನೆಲದ ಮೇಲಿಂದಲೇ ನೋಡಿದೆ.

ಆಸ್ಪತ್ರೆಯಲ್ಲಿ ಅಂಗೈಗೆ ಹೊಲಿಗೆ ಹಾಕಿದರು. ಎಡಗಡೆ ಒಂದು ಪಕ್ಕೆಲುಬು ಬಿರುಕು ಬಿಟ್ಟಿತ್ತು. ಸೇನೆಯ ಡಾಕ್ಟರು, "ಜಾಗ ಬಿಟ್ಟು ಸರಿದಿಲ್ಲ. ಎಸೆಯಬೇಡ ಅನ್ನುವುದು ನನ್ನ ಸಲಹೆ. ಕೇಳುವುದಿಲ್ಲ ಅಂದರೆ ನೋವು ನಿನ್ನದು" ಎಂದರು. ಸುಬೇದಾರರು ಮಂಚದ ಪಕ್ಕ ನಿಂತು ಮೊದಲು ನನ್ನ ಬಲಗೈಯನ್ನು ಎತ್ತಿ, ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿ ನೋಡಿದರು.

"ಹೊಡದೇನು ಅವಗ?"

"ಇಲ್ರಿ."

"ಮತ್ತ ಅವನ ಮ್ಯಾಲ ಬಿದ್ದಿದ್ದಿ ಅಂತಲ್ಲ?"

"ಹೌದ್ರಿ."

ಅವರು ನನ್ನ ಬಲಗೈಯನ್ನು ಹಾಸಿಗೆಯ ಮೇಲೆ ಇಟ್ಟರು. "ಹುಚ್ಚ ಸೂಳೆಮಗ" ಎಂದು ಬೈದು ಹೊರಗೆ ಹೋದರು. ಬೈಗುಳದಲ್ಲಿ ಸಿಟ್ಟಿರಲಿಲ್ಲ.

ಸಿಟ್ಟಿದ್ದದ್ದು ಅಕ್ಕನಿಗೆ. ಮನೆಗೆ ಬಂದ ಮೇಲೆ ನನಗೆ ಊಟ ಬಡಿಸಿದಳು, ಎಡಗೈ ಆಡದ್ದಕ್ಕೆ ಅಂಗಿ ತೊಡಿಸಿದಳು. ಮಾತು ಮಾತ್ರ ಆಡಲಿಲ್ಲ. ಅವ್ವ ನಡುವೆ ಕೂತು ಇಬ್ಬರ ಮುಖವನ್ನೂ ನೋಡುತ್ತಿದ್ದಳು. ಎಸೆಯುವ ದಿನ ಅಕ್ಕನಿಗೆ ಪಾಳಿ ಇತ್ತು. ಇರದಿದ್ದರೂ ಬರುತ್ತಿರಲಿಲ್ಲ. ಅವ್ವನೇ ಪಕ್ಕದ ಮನೆಯವರ ಜೊತೆ ಬಂದು ಮೈದಾನದ ಮೆಟ್ಟಿಲ ಮೇಲೆ ತಲೆಗೆ ಸೆರಗು ಹೊದ್ದು ಕೂತಳು.

ಬೇರೆ ದೇಶಗಳ ಸೈನಿಕರು ಆನೆಯಂಥವರು. ಅವರು ಎಸೆಯುವಾಗ ಗಂಟಲಿನಿಂದ ಹೊರಡುತ್ತಿದ್ದ ಕೂಗಿಗೆ ಬಲೆಯ ಪಂಜರದ ಕಂಬಗಳೇ ನಡುಗಿದಂತಿತ್ತು. ಕಾಯುವ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದವನ ಎಡಗೈಯಲ್ಲಿ ಎರಡು ಬೆರಳುಗಳಿರಲಿಲ್ಲ. ಅವನು ನನ್ನ ಪಟ್ಟಿ ಕಟ್ಟಿದ ಕೈಯನ್ನು ನೋಡಿ, ತನ್ನ ಕೈಯನ್ನು ಎತ್ತಿ ತೋರಿಸಿ, ಬಾಯಿಂದ ಬಾಂಬಿನ ಸದ್ದು ಮಾಡಿದ. ನಿನ್ನದು ಹೇಗೆ ಎಂದು ಹುಬ್ಬಿನಲ್ಲೇ ಕೇಳಿದ. ನಾನು ಕತ್ತಿಯಂತೆ ಕೈ ಬೀಸಿ ತೋರಿಸಿದೆ. ಅವನು ಗಂಭೀರವಾಗಿ ತಲೆಯಾಡಿಸಿದ. ಯುದ್ಧದ ಗಾಯವೆಂದು ತಿಳಿದಿರಬೇಕು. ಅದು ಅಕ್ಕನ ಗಂಡ ಮಾಡಿದ್ದು ಎಂದು ಸನ್ನೆಯಲ್ಲಿ ಹೇಗೆ ಹೇಳುವುದು?

ಮೊದಲ ಸಲ ತಿರುಗಿದಾಗ ಪಕ್ಕೆಯೊಳಗೆ ಯಾರೋ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದಂತಾಯಿತು. ಕೈ ಬೇಗ ಬಿಟ್ಟೆ. ಡಿಸ್ಕಸ್ ಬಲೆಗೆ ಬಡಿದು ನನ್ನ ಕಾಲ ಬಳಿಯೇ ಬಿತ್ತು. ಮೆಟ್ಟಿಲ ಮೇಲೆ ಅವ್ವ ಎದ್ದು ನಿಂತದ್ದು ಕಂಡಿತು.

ಎರಡನೆಯದಕ್ಕೆ ಎಂದಿನಂತೆ ಮುಖವನ್ನು ಹುಡುಕಿದೆ. ಹುಲ್ಲಿನ ಮೇಲೆ ದೂರದಲ್ಲಿ ಅದನ್ನು ಇಟ್ಟುಕೊಳ್ಳಲು ಎಷ್ಟು ಪ್ರಯತ್ನಿಸಿದರೂ ಅದು ಬರಲಿಲ್ಲ. ಹಲ್ಲು ಮುರಿದ ಬಾಯಿ ಬಂತು, ಅಂಗಿ ಹಿಡಿದ ಕೈ ಬಂತು. ಅದರ ಮೇಲೆ ಎಸೆಯಲು ನನ್ನಿಂದಾಗಲಿಲ್ಲ. ಖಾಲಿ ಹುಲ್ಲಿಗೆ ಎಸೆದೆ. ಎಸೆತ ಸರಿಯೆಂದು ಬಿಳಿ ಬಾವುಟ ಎದ್ದಿತು, ಆದರೆ ದೂರ ಹೋಗಿರಲಿಲ್ಲ.

ಸುಬೇದಾರರು ಬೇಲಿಯ ಆಚೆಯಿಂದ, "ಯಾರನ್ನ ನೋಡಾಕತ್ತೀ?" ಎಂದು ಕೂಗಿದರು.

"ಯಾರೂ ಬರವಲ್ರು ಸಾಹೇಬ್ರ!"

"ಹಂಗಾರ ನೋವನ್ನ ಒಗಿ! ಪಕ್ಕಡಿಯಾಗಿಂದ ತಗದು ಒಗಿ!"

ಮೂರನೆಯದನ್ನು ಹಾಗೆಯೇ ಎಸೆದೆ. ತಿರುಗುವಾಗ ನೋವಿನಿಂದ ತಪ್ಪಿಸಿಕೊಳ್ಳಲಿಲ್ಲ. ಎಡಗಾಲು ಊರಿ ಮೈಯನ್ನು ಗಕ್ಕನೆ ತಡೆದಾಗ ಪಕ್ಕೆಯಿಂದ ಭುಜಕ್ಕೆ, ಭುಜದಿಂದ ಬೆರಳಿಗೆ ಬೆಂಕಿ ಓಡಿತು. ನನ್ನ ಬಾಯಿಂದ ಬಂದ ಕೂಗು ನನ್ನದೇ ಎಂದು ನನಗೆ ಗೊತ್ತಾಗಲಿಲ್ಲ. ಡಿಸ್ಕಸ್ ಅಲುಗಾಡದೆ ಮೇಲೇರಿ, ಆ ವರ್ಷ ನಾನು ಮುಟ್ಟಿದ್ದ ಎಲ್ಲ ಗುರುತುಗಳ ಆಚೆ ಬಿತ್ತು. ಕೊನೆಯ ಸುತ್ತುಗಳಿಗೆ ಉಳಿಯುವ ಎಂಟು ಜನರಲ್ಲಿ ನಾನೂ ಉಳಿದೆ.

ನಾಲ್ಕನೆಯದರಲ್ಲಿ ಬಿರುಕು ಬಿಟ್ಟದ್ದು ಪೂರ್ತಿ ಮುರಿಯಿತು. ವೃತ್ತದೊಳಗೇ ಮಂಡಿಯೂರಿದೆ. ಡಿಸ್ಕಸ್ ಎಲ್ಲಿ ಹೋಯಿತೋ ನೋಡಲಿಲ್ಲ. ಎಡಗೈ ನೆಲಕ್ಕೆ ಊರಿದ್ದರಿಂದ ಹೊಲಿಗೆ ಬಿಚ್ಚಿ ಸಿಮೆಂಟಿನ ಮೇಲೆ ಐದು ಬೆರಳಿನ ರಕ್ತದ ಅಚ್ಚು ಮೂಡಿತು. ಇಬ್ಬರು ಬಂದು ನನ್ನನ್ನು ಎತ್ತಿದರು. ಅವರಲ್ಲೊಬ್ಬ ಬೆರಳಿಲ್ಲದವನು. ಮುಂದಿನವನು ಎಸೆಯುವ ಮೊದಲು ನೀರು ಸುರಿದು ವೃತ್ತ ಒರೆಸಿದರು. ನಾನು ಐದನೆಯವನಾದೆ. ಪದಕ ಬರಲಿಲ್ಲ. ಅವ್ವ ಆಂಬುಲೆನ್ಸಿನ ಬಾಗಿಲಲ್ಲಿ ನಿಂತು, "ಅಪ್ಪಾ, ಸಾಕು ಬಿಡು ಈ ಗಂಗಾಳದ ಕೆಲಸ" ಎಂದು ಅತ್ತಳು. ಪಕ್ಕೆಲುಬು ಕೂಡಿತು. ಆದರೆ ಆ ದೂರವನ್ನು ಮತ್ತೆಂದೂ ಮುಟ್ಟಲಾಗಲಿಲ್ಲ. ಈಗ ಹೊಸಬರಿಗೆ ಕಲಿಸುತ್ತೇನೆ. ಮುಖ ಇಟ್ಟುಕೊಳ್ಳಿರಿ ಎಂದು ಹೇಳುವುದಿಲ್ಲ.

ಕೊಯ್ತಾದ ಪ್ರಕರಣ ವಿಚಾರಣೆಗೆ ಬಂದಾಗ ಅಕ್ಕ ಸಾಕ್ಷಿ ಹೇಳಿದಳು. ಭಾವ ಎದುರಿಗೇ ನಿಂತಿದ್ದ. ಮುಂದಿನ ಹಲ್ಲುಗಳಿರಲಿಲ್ಲ, ಇಳಿದುಹೋಗಿದ್ದ. ಅವನ ವಕೀಲರು, ಕಿವಿ ಹೋದದ್ದು ಕಾರ್ಖಾನೆಯ ಸದ್ದಿನಿಂದ, ಹಾಗೆಂದು ನೀವೇ ಎಲ್ಲರಿಗೂ ಹೇಳಿದ್ದೀರಿ ಎಂದರು. ಅಕ್ಕ ಬಲಗಿವಿಯನ್ನು ಅವರತ್ತ ತಿರುಗಿಸಿ ಪ್ರಶ್ನೆಯನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ಆಮೇಲೆ ಮರಾಠಿಯಲ್ಲಿ ನಿಧಾನವಾಗಿ ಹೇಳಿದಳು: "ಯಂತ್ರದಿಂದ ಹೋಗಿದ್ದರೆ ಎರಡೂ ಹೋಗಬೇಕಿತ್ತು ಸಾಹೇಬರೇ. ಬಲಗೈಯವನು ಎದುರು ನಿಂತು ಹೊಡೆದರೆ ಎಡಗಿವಿಗೇ ಬೀಳುತ್ತದೆ. ಬೇಕಾದರೆ ಅವನು ಯಾವ ಕೈಯವನೆಂದು ಕೇಳಿ." ಇಷ್ಟು ಹೇಳುವಾಗ ಅವಳು ನೋಡುತ್ತಿದ್ದದ್ದು ವಕೀಲರನ್ನಲ್ಲ. ಭಾವ ತಲೆ ತಗ್ಗಿಸಿದ. ಮುಂದೆ ಅವನಿಗೆ ಜೈಲಾಯಿತು.

ಅಂದು ಸಾಕ್ಷಿ ಮುಗಿಸಿ ಹೊರಗೆ ಬಂದು, ಗಾಡಿಯೊಂದರ ಬಳಿ ನಿಂತು ಅವಲಕ್ಕಿಯ ಪೋಹೆ ತಿಂದೆವು. ಫುಟ್‌ಪಾತಿನ ಕಲ್ಲುಗಳನ್ನು ಅಷ್ಟರಲ್ಲಿ ಜೋಡಿಸಿ ಮುಗಿಸಿದ್ದರು. ಅಕ್ಕ ತಟ್ಟೆಯನ್ನೇ ನೋಡುತ್ತ ಕೇಳಿದಳು.

"ಯಾಕ ಬಿದ್ದಿ ಅವತ್ತು ಅವನ ಮ್ಯಾಲ?"

"ಕಲ್ಲು ಎತ್ತಿದ್ದ ಅಕ್ಕಾ. ಸಾಯ್ತಿದ್ದ ಅಂವ."

"ಸಾಯ್ಲಿ ಅಂತನೇ ನಾ ಒದರಿದ್ದು."

"ಗೊತ್ತದ."

"ನೌಕರಿ ಹೋಗ್ತದಂತ ಬಿದ್ದೇನು?"

"ಅದೆಲ್ಲಾ ನೆನಪಾಗ್ಲಿಲ್ಲ. ಯಾಕ ಬಿದ್ನೋ ನಂಗೂ ಗೊತ್ತಿಲ್ಲ."

ಅವಳು ತಟ್ಟೆಯನ್ನು ಗಾಡಿಯ ಮೇಲಿಟ್ಟಳು. "ಅಂವ ಅಲ್ಲೇ ಸತ್ತಿದ್ರ, ಇವತ್ತ ಅವನ ಕಣ್ಣಾಗ ಕಣ್ಣಿಟ್ಟು ಹೇಳಾಕ ಆಗ್ತಿದ್ದಿಲ್ಲ ನಂಗ," ಎಂದಳು. "ಅದು ಖರೆ. ಆದ್ರ ನಿನ್ನ ಮ್ಯಾಲಿನ ಸಿಟ್ಟು ಭಾಳ ಅದ ಇನ್ನಾ. ಅದು ಹೋಗೂಮಟ ಕಾಯಿ."

ನಾನು ಆಗಲಿ ಎಂದೆ. ಮಧ್ಯಾಹ್ನದ ಪಾಳಿಗೆ ಹೊತ್ತಾಗುತ್ತದೆಂದು ಅವಳು ಸೆರಗು ಸಿಕ್ಕಿಸಿಕೊಂಡು ಚಾಕಣದ ಬಸ್ಸಿನತ್ತ ಹೊರಟಳು. ರಸ್ತೆ ದಾಟುವ ಮುನ್ನ ಎಡಕ್ಕೆ ಪೂರ್ತಿ ತಿರುಗಿ, ನಿಂತು ನೋಡಿ, ಆಮೇಲೆ ಹೆಜ್ಜೆ ಇಟ್ಟಳು.